ಬಣ್ಣ ಹೋಯಿತು, ಬಕೆಟ್ ಉಳಿಯಿತು: ಒಂದು ಗೋಬಿ ಗಾಡಿಯ ಪ್ರಕರಣ

ಆ ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ. ತಯಾರಿಸಿದವರ ಹೆಸರಿಲ್ಲ, ತಾರೀಖಿಲ್ಲ, ಒಳಗೆ ಏನಿದೆ ಎಂಬ ಸುಳಿವೂ ಇಲ್ಲ. ತೆಳು ಪ್ಲಾಸ್ಟಿಕ್ಕಿನಲ್ಲಿ ಗಂಟು ಹಾಕಿದ ಕೆಂಪು ಪುಡಿ, ಅಷ್ಟೆ. "ಕಲರ್ ಕೊಡ್ರಿ" ಅಂದರೆ ಕಿರಾಣಿ ಅಂಗಡಿಯವರು ತೆಗೆದುಕೊಡುತ್ತಿದ್ದರು. ಹನ್ನೊಂದು ವರ್ಷ ಗೋಬಿ ಮಾರಿದ ದಂಪತಿಗೆ ಅಂಥ ಪುಡಿಗಳಿಗೆ ರೋಡಮೈನ್-ಬಿ, ಟಾರ್ಟ್ರಜೈನ್ ಎಂಬ ಹೆಸರುಗಳಿವೆ ಎಂದು ತಿಳಿದದ್ದು 2024ರ ಮಾರ್ಚ್ 11ರಂದು, ಟಿವಿಯ ಮುಂದೆ. ಮರುದಿನ ಬೆಳಿಗ್ಗೆ ಹೆದರಿ, ಮನೆಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಚರಂಡಿಗೆ ಸುರಿದರು. ಗಾಡಿಯನ್ನು ನಾಲ್ಕು ದಿನ ಹೊರಗೆ ತರಲಿಲ್ಲ.

ಬೀದಿ ಬದಿ ವ್ಯಾಪಾರಿಗಳಿಗೆ ಆಹಾರ ಸುರಕ್ಷತೆಯ ಅರ್ಧ ದಿನದ ತರಬೇತಿ ಕೊಡುವುದು ನನ್ನ ಕೆಲಸ. ಈ ಗಾಡಿಯನ್ನು ಆ ಮಾರ್ಚ್‌ನಿಂದ ಮುಂದಿನ ವರ್ಷದ ಮಳೆಗಾಲದವರೆಗೆ ಹತ್ತಿರದಿಂದ ನೋಡಿದೆ. ಹಾವೇರಿ ಜಿಲ್ಲೆಯ ಒಂದು ತಾಲೂಕು ಕೇಂದ್ರ, ಬಸ್ ನಿಲ್ದಾಣದ ಹಿಂದಿನ ರಸ್ತೆ. ಊರಿನ ಹೆಸರೂ ದಂಪತಿಯ ಹೆಸರೂ ಇಲ್ಲಿ ಬೇಡ. ಅವರು ದಿನಾ ಅದೇ ಜಾಗದಲ್ಲಿ ನಿಂತು ಬದುಕಬೇಕು.

ಮೊದಲು ಅವತ್ತು ಟಿವಿಯಲ್ಲಿ ಬಂದ ಸರ್ಕಾರದ ಆದೇಶದ ಮಾತು. ರಾಜ್ಯದ ನಾನಾ ಕಡೆಯಿಂದ ಗೋಬಿ ಮಂಚೂರಿಯ 171 ಮಾದರಿ ತೆಗೆದು ಪರೀಕ್ಷಿಸಿದಾಗ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಸಿಕ್ಕಿತ್ತು. ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15ರಲ್ಲೂ ಅದೇ ಕತೆ. ಅದಕ್ಕೂ ಮುಂಚೆ, ಫೆಬ್ರವರಿಯಲ್ಲೇ, ಪುದುಚೇರಿ ಮತ್ತು ತಮಿಳುನಾಡು ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿದ್ದವು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಈ ಬಣ್ಣಗಳ ಬಳಕೆಗೆ ನಿಷೇಧ ಪ್ರಕಟಿಸಿದರು; ಮೀರಿದವರಿಗೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಎಚ್ಚರಿಸಿದರು. ನಿಷೇಧಿಸಿದ್ದು ಬಣ್ಣವನ್ನು, ಗೋಬಿಯನ್ನಲ್ಲ. ಆದರೆ ನಮ್ಮ ರಸ್ತೆಗೆ ಸುದ್ದಿ ಮುಟ್ಟಿದ್ದು "ಗೋಬಿ ಬ್ಯಾನ್ ಆತಂತ" ಎಂದು.

ಈ ಸುದ್ದಿಯಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಂದಾಗಿ ಕಲಸಿಹೋದವು. ಅದನ್ನು ಬಿಡಿಸಿ ಹೇಳುವುದೇ ಆ ತಿಂಗಳೆಲ್ಲ ನನ್ನ ತರಬೇತಿಯ ಮುಖ್ಯ ಕೆಲಸವಾಗಿತ್ತು. ರೋಡಮೈನ್-ಬಿ ಆಹಾರದ ಬಣ್ಣವೇ ಅಲ್ಲ. ಬಟ್ಟೆ, ಕಾಗದ, ಶಾಯಿಗೆ ಬಳಸುವ ಕಾರ್ಖಾನೆಯ ಬಣ್ಣ ಅದು. ಯಾವ ಆಹಾರದಲ್ಲೂ ಒಂದು ಕಣವೂ ಇರುವಂತಿಲ್ಲ. ಟಾರ್ಟ್ರಜೈನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಸಿನ್ ಹಾಗಲ್ಲ. ನಮ್ಮ ದೇಶದಲ್ಲಿ ಅನುಮತಿ ಇರುವ ಎಂಟು ಕೃತಕ ಬಣ್ಣಗಳ ಪಟ್ಟಿಯಲ್ಲಿ ಅವೂ ಇವೆ. ಬಿಸ್ಕತ್ತು, ಐಸ್‌ಕ್ರೀಂ, ಮಿಠಾಯಿಯಂಥ ಕೆಲವೇ ತಿನಿಸುಗಳಿಗೆ, ಅದೂ ಅಳತೆ ಮೀರದಂತೆ, ಹಾಕಬಹುದು. ಬಾಣಲೆಯಿಂದ ನೇರ ತಟ್ಟೆಗೆ ಬರುವ ಗೋಬಿಗೆ, ಕಬಾಬಿಗೆ ಹಾಕುವಂತಿಲ್ಲ. ಹೀಗಾಗಿ "ನಾನು ಕಂಪನಿ ಕಲರ್ ಹಾಕ್ತೀನ್ರಿ, ಲೂಜ್ ಅಲ್ಲ" ಎನ್ನುವ ವ್ಯಾಪಾರಿಯೂ ಕಾನೂನು ಮೀರಿದವನೇ. ಅವನಿಗದು ಗೊತ್ತಿರುವುದಿಲ್ಲ. ಡಬ್ಬಿಯ ಮೇಲೆ ಆಹಾರದ ಬಣ್ಣ ಎಂದು ದೊಡ್ಡದಾಗಿ ಬರೆದಿರುವುದನ್ನು ನಂಬಿರುತ್ತಾನೆ.

ಐದನೆಯ ದಿನ ಗಾಡಿ ಹೊರಬಂತು, ಬಣ್ಣವಿಲ್ಲದ ಗೋಬಿಯೊಂದಿಗೆ. ಟ್ಯೂಷನ್ ಮುಗಿಸಿ ಬರುವ ಹುಡುಗರು ತಟ್ಟೆ ನೋಡಿ, "ಏನ್ ಅಣ್ಣಾ, ಇದು ಗೋಬಿನೋ ಬಜಿನೋ?" ಎಂದರು. ಇಬ್ಬರು ತಿನ್ನದೆ ಹೋದರು. ಅವತ್ತು ಗಾಡಿಯ ತಾಯಿ ನನಗೆ ಹೇಳಿದ್ದು ಇದು: "ಬಣ್ಣ ಹಾಕಿದ್ರ ಸರ್ಕಾರ ಹಿಡೀತೈತಿ, ಹಾಕ್ಲಿಲ್ಲಂದ್ರ ಗಿರಾಕಿ ಬಿಡ್ತಾರ. ನಾವು ಏನ್ ಮಾಡೂಣ್ರಿ ಅಕ್ಕಾರ?"

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಅವರ ಗಾಡಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಖಾರ ಕಡಿಮೆ, ಬಣ್ಣ ದಟ್ಟ. ಆ ಬಣ್ಣಕ್ಕಾಗಿಯೇ ಹೆಸರಾದ ಮೆಣಸಿನಕಾಯಿ, 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಅದರಿಂದ ಬಣ್ಣದ ಸಾರ ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ. ಅಂಥ ಜಿಲ್ಲೆಯಲ್ಲಿ ಗೋಬಿಗೆ ಹೆಸರಿಲ್ಲದ ಪುಡಿ ಏಕೆ ಬೇಕಾಯಿತು? ಬೆಲೆ ಒಂದು ಕಾರಣ. ಕಿಲೋ ಮೆಣಸಿನಕಾಯಿ ಕೊಡಬಹುದಾದ ಕೆಂಪನ್ನು ಒಂದು ಚಿಟಿಕೆ ಪುಡಿ ಕೊಡುತ್ತದೆ. ಇನ್ನೊಂದು ಕಾರಣ ಅಡುಗೆಯದು. ಅದನ್ನು ನಾನು ಕಲಿತದ್ದು ಈ ಗಾಡಿಯ ಪಕ್ಕದಲ್ಲೇ.

ಹಿಟ್ಟಿಗೆ ಬ್ಯಾಡಗಿ ಪುಡಿ ಕಲಸಿ ಕರಿದರೆ ಬಣ್ಣ ಗೋಬಿಯಲ್ಲಿ ನಿಲ್ಲುವುದಿಲ್ಲ, ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು. ಎರಡು ಸಲ ಕರಿಯುವಷ್ಟರಲ್ಲಿ ಬಾಣಲೆಯ ಎಣ್ಣೆಯೆಲ್ಲ ಕೆಂಪು, ಪುಡಿ ಸೀದು ಕಪ್ಪು ಚುಕ್ಕೆ, ಗೋಬಿ ಮಾತ್ರ ಕಂದು. ಕೃತಕ ಬಣ್ಣ ನೀರಿನಲ್ಲಿ ಕರಗುತ್ತದೆ. ಕಾರ್ನ್‌ಫ್ಲೋರ್, ಮೈದಾ, ನೀರಿನ ಹಿಟ್ಟಿನಲ್ಲಿ ಸರಾಗ ಬೆರೆತು, ಕರಿದ ಮೇಲೂ ಅಲ್ಲೇ ಕೂರುತ್ತದೆ. ಹಾಗಾಗಿ "ಬಣ್ಣದ ಬದಲು ಖಾರದಪುಡಿ ಹಾಕಿ" ಎಂಬ ನಮ್ಮ ತರಬೇತಿಯ ಮಾತು ಬಾಣಲೆಯ ಮುಂದೆ ಸೋತಿತು. ಇಲಾಖೆಯ ಕರಪತ್ರ ಬರೆಯುವವರು ಒಮ್ಮೆಯಾದರೂ ಗೋಬಿ ಕರಿದು ನೋಡಬೇಕು. ನಾನೂ ನೋಡಿರಲಿಲ್ಲ.

ದಾರಿ ಹುಡುಕಿದ್ದು ಆ ತಾಯಿ. ಕರಿಯುವ ಹಿಟ್ಟಿಗೆ ಬಣ್ಣದ ಗೊಡವೆಯೇ ಬೇಡ ಎಂದು ಬಿಟ್ಟರು. ಡಬ್ಬಿ ಎಂಬ ಬಗೆಯ ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬಿ, ಎರಡನೆಯ ಬಾಣಲೆಯಲ್ಲಿ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಿದರು. ಎಣ್ಣೆ ಕೆಂಪಾದ ಮೇಲೆ ಈರುಳ್ಳಿ, ಸೋಯಾ ಸಾಸ್, ಕೊನೆಗೆ ಕರಿದ ಗೋಬಿ. ಬಣ್ಣ ಎಣ್ಣೆಗೇ ಹೋಗುವುದಾದರೆ ಗಿರಾಕಿ ತಿನ್ನುವ ಎಣ್ಣೆಗೇ ಹೋಗಲಿ ಎಂಬುದು ಅವರ ಲೆಕ್ಕ. ಹಳೆಯ ಕಣ್ಣು ಕುಕ್ಕುವ ಕೆಂಪು ಬರಲಿಲ್ಲ, ಮನೆಯ ಮೆಣಸಿನ ಚಟ್ನಿಯ ಕೆಂಪು ಬಂತು. ತಟ್ಟೆಗೆ ಐದು ರೂಪಾಯಿ ಏರಿಸಿದರು. ಏಪ್ರಿಲ್ ಮುಗಿಯುವ ಹೊತ್ತಿಗೆ ಹುಡುಗರು ಮರಳಿದ್ದರು.

ಅದೇ ಹೊತ್ತಿಗೆ ಆಹಾರ ಸುರಕ್ಷತಾ ಅಧಿಕಾರಿಯೂ ಬಂದರು. ಕಾನೂನಿನಂತೆ ಮಾದರಿಗೆ ಹಣ ಕೊಟ್ಟೇ ತೆಗೆದುಕೊಂಡರು, ನಾಲ್ಕು ಭಾಗ ಮಾಡಿ ಮೊಹರು ಹಾಕಿದರು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, 14 ದಿನದಲ್ಲಿ ವರದಿ ಕೊಡಬೇಕು. ಎರಡು ಭಾಗ ಅಂಕಿತ ಅಧಿಕಾರಿ ಎಂಬ ಅವರ ಮೇಲಧಿಕಾರಿಯ ಬಳಿ ಉಳಿಯುತ್ತವೆ. ವ್ಯಾಪಾರಿ ಕೇಳಿದರೆ ಉಳಿದದ್ದನ್ನು ಮಾನ್ಯತೆ ಪಡೆದ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಹಕ್ಕಿನ ಮಾತನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ, ಏಕೆಂದರೆ ಮೊಹರು ಕಂಡ ಕೂಡಲೇ ನಮ್ಮ ವ್ಯಾಪಾರಿಗಳಿಗೆ ಜೈಲೇ ಕಾಣುತ್ತದೆ. ವರದಿ ಬಂತು, ಕೃತಕ ಬಣ್ಣ ಇರಲಿಲ್ಲ. ಜೂನ್‌ನಲ್ಲಿ ಕಬಾಬಿಗೂ ಬಣ್ಣದ ನಿಷೇಧ ಬಂದಾಗ (39 ಮಾದರಿಗಳಲ್ಲಿ 8ರಲ್ಲಿ ಸಿಕ್ಕಿತ್ತು), ಆಮೇಲೆ ಪಾನಿಪೂರಿಯ ಸರದಿ ಬಂದಾಗ (260ರಲ್ಲಿ 41), ಈ ದಂಪತಿ ನೆಮ್ಮದಿಯಾಗಿದ್ದರು.

ನಾನೂ ನನ್ನ ಡೈರಿಯಲ್ಲಿ ಪ್ರಕರಣ ಮುಗಿಯಿತು ಎಂದು ಬರೆದುಕೊಂಡೆ. ಅದು ತಪ್ಪು.

ಲೋಟ ನೀರಿನ ಲೆಕ್ಕ

ಜುಲೈ ಕೊನೆಯಲ್ಲಿ ಹತ್ತಿರದ ಹಾಸ್ಟೆಲಿನ ಇಬ್ಬರು ಹುಡುಗರಿಗೆ ಕಾಮಾಲೆ ಆಯಿತು. ಇಬ್ಬರೂ ಆ ಗಾಡಿಯಲ್ಲಿ ತಿನ್ನುತ್ತಿದ್ದವರು. ವಾಟ್ಸಾಪಿನಲ್ಲಿ ಗಾಡಿಯ ಫೋಟೊ ಓಡಾಡಿತು. ಒಬ್ಬ ತಂದೆ ಬಂದು ಬಾಣಲೆ ಎತ್ತಿ ಹಾಕುವ ಮಟ್ಟಕ್ಕೆ ಹೋದರು. ಅವರನ್ನು ನಾನು ದೂರುವುದಿಲ್ಲ; ಹದಿನಾರು ವರ್ಷದ ಮಗ ಆಸ್ಪತ್ರೆಯಲ್ಲಿ ಹಳದಿಯಾಗಿ ಮಲಗಿದ್ದ.

ಗಾಡಿಯಿಂದಲೇ ಬಂತೇ? ಇಂಥ ಕಾಮಾಲೆ ತರುವ ಹೆಪಟೈಟಿಸ್-ಎ ಸೋಂಕು ಹೊಟ್ಟೆ ಸೇರಿ ಲಕ್ಷಣ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಜುಲೈ ಕೊನೆಗೆ ಕಣ್ಣು ಹಳದಿಯಾದವನಿಗೆ ಸೋಂಕು ತಗುಲಿದ್ದು ತಿಂಗಳ ಮೊದಲಲ್ಲಿರಬಹುದು. ಆ ದಿನಗಳಲ್ಲಿ ಅವರು ಹಾಸ್ಟೆಲಿನ ನೀರು ಕುಡಿದಿದ್ದರು, ಜಾತ್ರೆಗೆ ಹೋಗಿದ್ದರು, ಕಬ್ಬಿನ ಹಾಲು, ಐಸ್ ಗೋಲಾ ತಿಂದಿದ್ದರು. ಯಾವ ಗಾಡಿ, ಯಾವ ಕೊಡ ಎಂದು ಬೆರಳು ಮಾಡಿ ತೋರಿಸಲಾಗದು. ಈ ಕಾರಣಕ್ಕೇ ನೀರಿನ ರೋಗಗಳಲ್ಲಿ ತಪ್ಪು ಮಾಡಿದವರು ಸಿಗುವುದಿಲ್ಲ, ಮಾಡದವರು ಏಟು ತಿನ್ನುತ್ತಾರೆ. ಆದರೆ ಗಾಡಿಯಿಂದ ಬರಲು ಸಾಧ್ಯವಿತ್ತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬಹುದಿತ್ತು. ಮೂರು ಸಂಜೆ ಐದರಿಂದ ಹತ್ತೂವರೆವರೆಗೆ ಗಾಡಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ.

ಅಡುಗೆಗೆ, ಕುಡಿಯಲು 20 ಲೀಟರಿನ ಎರಡು ಕ್ಯಾನು. ಇನ್ನೂರು ಮೀಟರ್ ಆಚೆಯ ಮಿನಿ ಟ್ಯಾಂಕಿನ ನಲ್ಲಿಯಿಂದ ಗಂಡ ಬೈಕಿನಲ್ಲಿ ತರುತ್ತಿದ್ದರು. ತಟ್ಟೆ ತೊಳೆಯಲು 15 ಲೀಟರಿನ ಎರಡು ಬಕೆಟ್. ಒಂದರಲ್ಲಿ ಅದ್ದಿ ಉಜ್ಜುವುದು, ಇನ್ನೊಂದರಲ್ಲಿ ಅದ್ದಿ ತೆಗೆಯುವುದು. ಒಂದು ಸಂಜೆ 120 ತಟ್ಟೆ ಹೋಯಿತು. ತಟ್ಟೆಗೆ ಕಾಲು ಲೀಟರ್, ಅಂದರೆ ಒಂದು ಲೋಟ ನೀರು. ಅದೂ ಒಂದೇ ನೀರು. ಎಂಟು ಗಂಟೆಯ ಹೊತ್ತಿಗೆ ಎರಡನೆಯ ಬಕೆಟ್ಟೂ ಸಾರಿನಂತಾಗಿತ್ತು. ತೊಳೆದ ತಟ್ಟೆ, ಗಾಡಿಯ ಹಲಗೆ, ಕೈ ಎಲ್ಲಕ್ಕೂ ಒಂದೇ ಅರಿವೆ. ಹಣ ಎಣಿಸಿದ ಕೈ ಕೊತ್ತಂಬರಿ ಉದುರಿಸುತ್ತಿತ್ತು. ಗೋಬಿ ಕುದಿಯುವ ಎಣ್ಣೆಯಿಂದ ಬರುತ್ತದೆ, ಅದರಲ್ಲಿ ಕ್ರಿಮಿ ಉಳಿಯುವುದಿಲ್ಲ. ಅದರ ಮೇಲೆ ಬೀಳುವ ಹಸಿ ಈರುಳ್ಳಿ, ಎಲೆಕೋಸು, ಅದು ಬೀಳುವ ಒದ್ದೆ ತಟ್ಟೆ, ಪಕ್ಕದಲ್ಲಿಡುವ ಲೋಟ, ಇವುಗಳಿಗೆ ಎಣ್ಣೆಯ ಕಾವಲಿಲ್ಲ.

ಇನ್ನೊಂದು ನನ್ನನ್ನು ಹೆಚ್ಚು ಹೆದರಿಸಿತು. ಎಗ್‌ರೈಸಿಗೆಂದು ಮಧ್ಯಾಹ್ನ ಮೂರಕ್ಕೆ ಮಾಡಿದ ಅನ್ನ ರಾತ್ರಿ ಹತ್ತರವರೆಗೆ ದೊಡ್ಡ ಪಾತ್ರೆಯಲ್ಲಿ ಬೆಚ್ಚಗೆ ಇರುತ್ತಿತ್ತು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಅನ್ನ ಬೇಯುವ ಕಾವಿಗೂ ಸಾಯುವುದಿಲ್ಲ. 5ರಿಂದ 60 ಡಿಗ್ರಿಯ ನಡುವೆ ಗಂಟೆಗಟ್ಟಲೆ ಬಿಟ್ಟರೆ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಬಾಣಲೆಯಲ್ಲಿ ಮತ್ತೆ ಹುರಿದರೂ ಹೋಗುವುದಿಲ್ಲ. "ಬಿಸಿ ಬಿಸಿ ಹುರದು ಕೊಡ್ತೀವ್ರಿ, ಏನೂ ಆಗೂದಿಲ್ಲ" ಎಂದು ಅವರು ನಂಬಿದ್ದರು. ಹುರಿಯುವುದನ್ನೇ ಕಾಣುವ ಗಿರಾಕಿಯೂ ಅದನ್ನೇ ನಂಬುತ್ತಾನೆ. ಇದಕ್ಕೆ ಪರಿಹಾರ ಸುಲಭವಿತ್ತು: ಸಂಜೆಗೊಂದು, ರಾತ್ರಿಗೊಂದು ಎಂದು ಎರಡು ಸಣ್ಣ ಅಡುಗೆ, ಬೆಂದ ಕೂಡಲೇ ಅಗಲ ತಟ್ಟೆಗೆ ಹರವಿ ಆರಿಸುವುದು, ಉಳಿದದ್ದನ್ನು ಮರುದಿನಕ್ಕೆ ಇಡದಿರುವುದು. ಆ ವಾರವೇ ಶುರು ಮಾಡಿದರು.

ನೀರಿನದು ಸುಲಭವಿರಲಿಲ್ಲ. ಮಿನಿ ಟ್ಯಾಂಕಿನ ನೀರೇ ಕೆಟ್ಟಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಹಳ್ಳಿಗಳಲ್ಲಿ ಕುಡಿಯುವ ನೀರಿನ ಪರೀಕ್ಷೆಗೆ ಬಳಸುವ ಚಿಕ್ಕ ಬಾಟಲಿ ಇದೆಯಲ್ಲ, ಮಲದ ಸೋಂಕಿದ್ದರೆ ಒಂದೆರಡು ದಿನದಲ್ಲಿ ಒಳಗಿನ ನೀರು ಕಪ್ಪಾಗುವಂಥದ್ದು, ಅಂಥವನ್ನು ತಂದು ಮೂರು ಕಡೆಯ ನೀರು ತುಂಬಿದೆ: ಟ್ಯಾಂಕಿನ ನಲ್ಲಿ, ಕುಡಿಯುವ ಕ್ಯಾನು, ತಟ್ಟೆಯ ಎರಡನೆಯ ಬಕೆಟ್. ಎರಡು ದಿನದ ನಂತರ ಬಕೆಟ್ಟಿನ ಬಾಟಲಿ ಕಪ್ಪಾಗಿತ್ತು. ಕ್ಯಾನಿನದೂ ಕಪ್ಪಾಗಿತ್ತು. ನಲ್ಲಿಯದು ಹಾಗೇ ಇತ್ತು. ಈ ಪರೀಕ್ಷೆ ಕಾಮಾಲೆಯ ವೈರಾಣುವನ್ನು ಹಿಡಿಯುವುದಿಲ್ಲ, ಮಲದ ದಾರಿ ತೆರೆದಿದೆ ಎಂಬುದನ್ನಷ್ಟೇ ತೋರಿಸುತ್ತದೆ. ದಾರಿ ತೆರೆದಿದ್ದದ್ದು ನಲ್ಲಿಯಿಂದ ಗಾಡಿಗೆ ಬಂದ ಮೇಲೆ.

ಕ್ಯಾನಿನ ಬಾಯಿ ಕತ್ತರಿಸಿ ಅಗಲ ಮಾಡಿದ್ದರು. ಮಗ್ಗು ಅದ್ದಿದಾಗ ಬೆರಳೂ ಅದ್ದುತ್ತಿತ್ತು. ನಾನು ಆ ತಾಯಿಯನ್ನು ಮೆಲ್ಲಗೆ ಕೇಳಿದೆ: ಸಂಜೆ ಐದರಿಂದ ಹತ್ತೂವರೆವರೆಗೆ ಶೌಚಕ್ಕೆ ಎಲ್ಲಿಗೆ ಹೋಗುತ್ತೀರಿ? ತಡೆದು ಹೇಳಿದರು. ತಡೆಯುವಷ್ಟು ತಡೆಯುತ್ತಾರೆ. ಆಗದಿದ್ದರೆ ಬಸ್ ನಿಲ್ದಾಣದ ದುಡ್ಡಿನ ಶೌಚಾಲಯ. ಅಲ್ಲಿ ನೀರು ಕೆಲವು ದಿನ, ಸಾಬೂನು ಯಾವತ್ತೂ ಇಲ್ಲ. ವಾಪಸ್ ಬಂದು ಕೈ ತೊಳೆಯುವುದು ಅದೇ ಎರಡನೆಯ ಬಕೆಟ್ಟಿನಲ್ಲಿ. ಹನ್ನೊಂದು ವರ್ಷ ನೀರು ಕಡಿಮೆ ಕುಡಿದು ದುಡಿದ ಹೆಂಗಸು. ಮೂತ್ರದ ಸೋಂಕಿಗೆ ಎರಡು ಸಲ ಗುಳಿಗೆ ತಿಂದಿದ್ದಾರೆ. ಶುಚಿತ್ವದ ಕರಪತ್ರದಲ್ಲಿ "ಶೌಚದ ನಂತರ ಸಾಬೂನಿನಿಂದ ಕೈ ತೊಳೆಯಿರಿ" ಎಂಬ ಸಾಲನ್ನು ನಾನು ಎಷ್ಟು ಸಲ ಓದಿ ಹೇಳಿದ್ದೇನೋ. ಎಲ್ಲಿ ತೊಳೆಯಬೇಕು ಎಂದು ವ್ಯಾಪಾರಿಗಳಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಗಾಡಿಯಲ್ಲಿ ಆದ ಬದಲಾವಣೆ

ಕೆಳಗೆ ನಲ್ಲಿ ಇರುವ, ಮೇಲೆ ಮುಚ್ಚಳ ಬಿಗಿಯುವ 50 ಲೀಟರಿನ ಡ್ರಮ್ಮು ಬಂತು. ಯಾರೂ ಒಳಗೆ ಕೈ ಹಾಕುವಂತಿಲ್ಲ. ಆಶಾ ಕಾರ್ಯಕರ್ತೆಯಿಂದ ಕ್ಲೋರಿನ್ ಮಾತ್ರೆ ಸಿಕ್ಕಿತು. ನೀರು ತುಂಬಿ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಬಳಸುವುದು. ಸಾಬೂನನ್ನು ಹಗ್ಗ ಕಟ್ಟಿ ಡ್ರಮ್ಮಿಗೇ ತೂಗುಹಾಕಿದರು. ಹಣ ಮುಟ್ಟುವುದು ಗಂಡ, ಆಹಾರ ಮುಟ್ಟುವುದು ಹೆಂಡತಿ. ಫೋನಿನಲ್ಲಿ ಹಣ ಹಾಕುವವರು ಹೆಚ್ಚಾದ್ದರಿಂದ ಇದು ನಾನಂದುಕೊಂಡಷ್ಟು ಕಷ್ಟವಾಗಲಿಲ್ಲ.

ತಟ್ಟೆಯ ಸಮಸ್ಯೆ ಉಳಿಯಿತು. ಪಕ್ಕದ ಗಾಡಿಯವರು ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಬಿಸಿ ಗೋಬಿ ಬಡಿಸುತ್ತಿದ್ದರು. ತೊಳೆಯುವುದೇ ಬೇಡ, ಹಾಳೆ ಎಸೆದರಾಯಿತು. ನೋಡಿದ ಗಿರಾಕಿಗೂ ಅದೇ ಚೊಕ್ಕ ಅನ್ನಿಸುತ್ತಿತ್ತು. ಬೀದಿ ಊಟಕ್ಕೆ ಪ್ಲಾಸ್ಟಿಕ್ ಹಾಳೆ ಬಂದದ್ದು ಸೋಮಾರಿತನದಿಂದ ಎನ್ನುವವರಿದ್ದಾರೆ. ನಾನು ಕಂಡಂತೆ ಅದು ಬಂದದ್ದು ನೀರಿಲ್ಲದ್ದರಿಂದ. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ಆ ಬಟ್ಟೆಯನ್ನು ದಿನಾ ಒಗೆದು ಒಣಗಿಸಬೇಕು, ಅದಕ್ಕೂ ನೀರೇ ಬೇಕು. ನಿಷೇಧ ಸರಿಯಾದದ್ದೇ. ಅದರ ಹಿಂದಿನ ಕೊರತೆಗೂ ಯಾರಾದರೂ ಉತ್ತರ ಕೊಡಬೇಕು ಅಷ್ಟೆ.

ನಮ್ಮ ದಂಪತಿ ಡ್ರೈ ಗೋಬಿಗೆ ಎಲೆಯ ದೊನ್ನೆಗೆ ಹೋದರು. ಗ್ರೇವಿಗೂ ಎಗ್‌ರೈಸಿಗೂ ಸ್ಟೀಲ್ ತಟ್ಟೆಯನ್ನೇ ಇಟ್ಟುಕೊಂಡರು. ತೊಳೆಯುವ ತಟ್ಟೆ ಅರ್ಧಕ್ಕಿಳಿಯಿತು. ಮೂರು ಬಕೆಟ್ ಆಯಿತು: ಸಾಬೂನಿನದು, ಜಾಲಾಡುವುದು, ಕ್ಲೋರಿನ್ನಿನದು. ಎಂಟು ಗಂಟೆಗೆ ನೀರು ಬದಲಿಸಲು ಗಂಡ ಇನ್ನೊಂದು ಸಲ ಮಿನಿ ಟ್ಯಾಂಕಿಗೆ ಹೋಗಬೇಕಾಯಿತು, ವ್ಯಾಪಾರ ಬಿರುಸಾಗಿರುವ ಹೊತ್ತಿನಲ್ಲೇ. ಕೆಲವು ದಿನ ಹೋಗಿರುವುದಿಲ್ಲ ಎಂದು ನನಗೆ ಗೊತ್ತು.

ಎಣ್ಣೆಯ ಮಾತೂ ಒಂದಿದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಎಂಬ ಅಂಶ ಶೇಕಡಾ 25 ಮೀರಿದರೆ ಬಳಸಬಾರದು ಎಂಬ ನಿಯಮ 2018ರಿಂದ ಜಾರಿಯಲ್ಲಿದೆ. ಅಳೆಯುವ ಯಂತ್ರ ಗಾಡಿಯವರ ಕೈಗೆಟುಕುವುದಲ್ಲ. ನೊರೆ, ಹೊಗೆ, ಕಪ್ಪು, ಅಂಟು, ಇವನ್ನು ನೋಡಿ ಚೆಲ್ಲಬೇಕು. ಹಿಟ್ಟಿನಿಂದ ಮೆಣಸಿನಪುಡಿ ತೆಗೆದ ಮೇಲೆ ಎಣ್ಣೆ ಬೇಗ ಕಪ್ಪಾಗುವುದು ನಿಂತಿತು.

ನಲ್ಲಿ ಯಾರದು

ಈ ಗಾಡಿಗೆ ಆಹಾರ ಸುರಕ್ಷತೆಯ ನೋಂದಣಿ ಇರಲಿಲ್ಲ, ಆಮೇಲೆ ಮಾಡಿಸಿದೆವು. ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟು ಇರುವವರಿಗೆ ಆಗ ಲೈಸೆನ್ಸ್ ಬೇಕಿರಲಿಲ್ಲ, ವರ್ಷಕ್ಕೆ 100 ರೂಪಾಯಿಯ ನೋಂದಣಿ ಸಾಕಿತ್ತು. ಅದರ ಜೊತೆ ಬರುವ ನಿಯಮಗಳಲ್ಲಿ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು ಎಂದಿದೆ. ಬಳಸುವುದು ವ್ಯಾಪಾರಿಯ ಹೊಣೆ, ಒಪ್ಪೋಣ. ಬೀದಿಗೆ ನೀರು ತರುವುದು?

ಅದಕ್ಕೆ ಇನ್ನೊಂದು ಕಾನೂನಿದೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ವ್ಯಾಪಾರದ ವಲಯ ಗುರುತಿಸಬೇಕು. ಆಹಾರ ಸುರಕ್ಷತಾ ಅಧಿಕಾರಿಯ ಇಲಾಖೆ ಒಂದು, ಪಟ್ಟಣದ ಆಡಳಿತ ಇನ್ನೊಂದು. ಬಾಣಲೆಯ ಬಣ್ಣ ನೋಡಲು ಬಂದವರು ಬಕೆಟ್ ನೋಡಿದರೂ ನಲ್ಲಿ ಹಾಕಿಸುವ ಅಧಿಕಾರ ಅವರಿಗಿಲ್ಲ. ನಲ್ಲಿ ಹಾಕಿಸಬಲ್ಲವರು ಗಾಡಿಯನ್ನು ಕಾಣುವುದು ತೆರವಿನ ದಿನ ಮಾತ್ರ.

ಸಿಂಗಪುರದಲ್ಲಿ ಬೀದಿ ವ್ಯಾಪಾರಿಗಳನ್ನು ಮೊದಲು ಲೆಕ್ಕ ಹಿಡಿದು ನೋಂದಾಯಿಸಿದರು. 1970ರ ದಶಕದಿಂದ 1986ರ ಹೊತ್ತಿಗೆ ಅವರನ್ನು ನಲ್ಲಿ, ಒಳಚರಂಡಿ, ವಿದ್ಯುತ್ ಇರುವ ಕಟ್ಟೆಗಳಿಗೆ ಸೇರಿಸಿದರು. ನಮ್ಮಲ್ಲೂ ಅಹಮದಾಬಾದಿನ ಕಾಂಕರಿಯಾ ಕೆರೆಯಂಗಳ 2018ರಲ್ಲಿ ದೇಶದ ಮೊದಲ ಸ್ವಚ್ಛ ಬೀದಿ ಆಹಾರ ತಾಣವೆಂದು ಮಾನ್ಯತೆ ಪಡೆಯಿತು. ತಾಲೂಕು ಊರಿಗೆ ಅಷ್ಟು ದೊಡ್ಡದು ಬೇಡ. ಆರು ಗಾಡಿಗೆ ಎರಡು ನಲ್ಲಿ, ಒಂದು ಚರಂಡಿ ಕಿಂಡಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯ ಸಾಕು.

ಆ ರಸ್ತೆಯ ಆರು ಗಾಡಿಗಳವರು ಸೇರಿ 2024ರ ಅಕ್ಟೋಬರ್‌ನಲ್ಲಿ ಮನವಿ ಕೊಟ್ಟರು. ಡಿಸೆಂಬರ್‌ನಲ್ಲಿ ಹಿಂಬರಹ ಬಂತು: ಅನುದಾನದ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು. ಏಪ್ರಿಲ್‌ನಲ್ಲಿ ಮತ್ತೆ ಕೊಟ್ಟರು. ಜೂನ್‌ನಲ್ಲಿ ರಸ್ತೆಯ ಎದುರಿನ ಹಾರ್ಡ್‌ವೇರ್ ಅಂಗಡಿಯವರು, ತಿಂಗಳಿಗೆ ಆರೂ ಗಾಡಿ ಸೇರಿ ಇಷ್ಟು ಕೊಡಿ ಎಂದು ಮಾತಾಡಿಕೊಂಡು, ಸಂಜೆ ತಮ್ಮ ಬೋರ್‌ವೆಲ್ಲಿನಿಂದ ಪೈಪು ಬಿಡಲು ಒಪ್ಪಿದರು. ಬೋರಿನ ನೀರನ್ನೂ ಬಾಟಲಿಯಲ್ಲಿ ಪರೀಕ್ಷಿಸಿದೆವು, ಕಪ್ಪಾಗಲಿಲ್ಲ. ಈಗ ಎಂಟು ಗಂಟೆಗೆ ಬಕೆಟ್ ಬದಲಾಗುತ್ತದೆ, ಕೆಲವು ದಿನ ಒಂಬತ್ತಕ್ಕೂ.

ಶೌಚಾಲಯದ ಮಾತು ಮೊದಲ ಎರಡು ಮನವಿಗಳಲ್ಲಿ ಇರಲಿಲ್ಲ, ಬರೆದವರೆಲ್ಲ ಗಂಡಸರು. ಆಗಸ್ಟ್‌ನಲ್ಲಿ ಮೂರನೆಯದನ್ನು ಆ ತಾಯಿಯೇ ತಮ್ಮ ಕೈಬರಹದಲ್ಲಿ ಬರೆದರು. ಶೌಚಾಲಯ ಮೊದಲನೆಯ ಅಂಶ, ನಲ್ಲಿ ಎರಡನೆಯದು. ಆ ರಸ್ತೆಯಲ್ಲಿ ಹೂವು, ಹಣ್ಣು, ಮಿರ್ಚಿ ಮಾರುವ ಇನ್ನೂ ಒಂಬತ್ತು ಹೆಂಗಸರ ಸಹಿಯೋ ಹೆಬ್ಬೆಟ್ಟೋ ಕೆಳಗಿದೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ನೋಂದಣಿ ಪತ್ರದ ಜೊತೆ ಗಾಡಿಯ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ.